ಇಂಧನಕ್ಕೆ ಮೀಟರ್ ಇದೆ, ಗಾಳಿಗೆ ಇಲ್ಲ

ಯಾವ ಕಾರ್ಖಾನೆಯ ಬಾಯ್ಲರ್ ಕೋಣೆಗೆ ಹೋದರೂ ನಾನು ಮೊದಲು ಕೇಳುವುದು ಎರಡು ಪ್ರಶ್ನೆ. ಗಂಟೆಗೆ ಎಷ್ಟು ಗ್ಯಾಸ್ ಉರಿಸುತ್ತೀರಿ? ಉತ್ತರ ತಕ್ಷಣ ಬರುತ್ತದೆ. ರಿಜಿಸ್ಟರ್ ತೆಗೆದು ತೋರಿಸುತ್ತಾರೆ, ಒಂದೊಂದು ಶಿಫ್ಟಿನ ಲೆಕ್ಕವೂ ಅದರಲ್ಲಿರುತ್ತದೆ. ಗಂಟೆಗೆ ಎಷ್ಟು ಗಾಳಿ ಬಿಡುತ್ತೀರಿ? ಈಗ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ.

ಅದು ಅವರ ತಪ್ಪಲ್ಲ. ಗ್ಯಾಸಿಗೆ ಬಿಲ್ ಬರುತ್ತದೆ, ಗಾಳಿಗೆ ಬರುವುದಿಲ್ಲ. ಆದರೆ ಸ್ವಲ್ಪ ತೂಕ ಹಾಕಿ ನೋಡಿ. ಈ ಗ್ಯಾಸಿನ ಬಹುಪಾಲು ಮೀಥೇನ್. ಒಂದು ಕೆ.ಜಿ. ಮೀಥೇನ್ ಪೂರ್ತಿ ಉರಿಯಲು ಸುಮಾರು 17 ಕೆ.ಜಿ. ಗಾಳಿ ಬೇಕು. ಗಂಟೆಗೆ 10 ಟನ್ ಸ್ಟೀಮ್ ಕೊಡುವ ಬಾಯ್ಲರ್ ಹೆಚ್ಚುಕಡಿಮೆ ಅರ್ಧ ಟನ್ ಗ್ಯಾಸ್ ಉರಿಸುತ್ತದೆ. ಅದರ ಜೊತೆಗೆ ಸುಮಾರು 10 ಟನ್ ಗಾಳಿ ಎಳೆದುಕೊಳ್ಳುತ್ತದೆ. ಅಷ್ಟು ಗಾಳಿ ತಣ್ಣಗೆ ಒಳಗೆ ಬಂದು, ಬಿಸಿಯಾಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಅದನ್ನು ಬಿಸಿ ಮಾಡಿದ್ದು ಯಾವುದು? ಬಿಲ್ ಕಟ್ಟಿದ ಅದೇ ಗ್ಯಾಸ್.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ನಾನು ಮೊದಲು ಸೇರಿದ್ದು ದಹನ ಸಂಶೋಧನೆಗೆ. ಎನರ್ಜಿ ಕನ್ಸಲ್ಟೆಂಟ್ ಆದದ್ದು ಆಮೇಲೆ. ಎರಡೂ ಬೇರೆ ಬೇರೆ ಲೋಕ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮೊದಮೊದಲು ನನಗೂ ಹಾಗೇ ಅನ್ನಿಸಿತ್ತು. ಈಗ ಹಿಂದೆ ತಿರುಗಿ ನೋಡಿದರೆ ಎರಡೂ ಕಡೆ ನಾನು ಮಾಡಿದ್ದು ಒಂದೇ ಕೆಲಸ. ಗಾಳಿ ಎಷ್ಟು ಬಂತು, ಎಲ್ಲಿ ಬಂತು, ಎಲ್ಲಿ ಹೋಯಿತು ಅಂತ ಹುಡುಕುವ ಕೆಲಸ.

ಪ್ರಯೋಗಾಲಯದಲ್ಲಿ ಈ ಲೆಕ್ಕ ಸುಲಭ. ಗ್ಯಾಸಿಗೊಂದು, ಗಾಳಿಗೊಂದು ಫ್ಲೋ ಕಂಟ್ರೋಲರ್ ಇರುತ್ತದೆ. ಗಾತ್ರದ ಲೆಕ್ಕದಲ್ಲಿ ಒಂದು ಪಾಲು ಮೀಥೇನಿಗೆ ಒಂಬತ್ತೂವರೆ ಪಾಲು ಗಾಳಿ ಬಿಟ್ಟರೆ ಎರಡೂ ಸರಿಯಾಗಿ ಮುಗಿಯುತ್ತವೆ. ಬರ್ನರ್ ಮೇಲೆ ನಿಲ್ಲುವ ಆ ತಿಳಿನೀಲಿ ಜ್ವಾಲೆ ಒಂದು ಮಿಲಿಮೀಟರಿಗಿಂತ ತೆಳ್ಳಗಿರುತ್ತದೆ. ಅಷ್ಟರೊಳಗೇ ಎಲ್ಲ ನಡೆದುಹೋಗುತ್ತದೆ. ಶಾಲೆಯಲ್ಲಿ ಒಂದು ಸಾಲಿನ ಸಮೀಕರಣ ಬರೆಸುತ್ತಾರೆ ಅಲ್ವಾ? ನಿಜವಾಗಿ ಒಳಗೆ ನಡೆಯುವುದು ಅಷ್ಟು ಸರಳವಲ್ಲ. ಜಿಆರ್‌ಐ-ಮೆಕ್ 3.0 ಅನ್ನುವ ಹೆಸರಾಂತ ಮಾದರಿಯಲ್ಲಿ ಮೀಥೇನ್ ಉರಿಯುವುದನ್ನು ವಿವರಿಸಲು 53 ಬಗೆಯ ಅಣು-ಪರಮಾಣುಗಳು ಮತ್ತು 325 ಕ್ರಿಯೆಗಳಿವೆ.

ಆ ತೆಳ್ಳನೆ ಜ್ವಾಲೆಯ ಉಷ್ಣತೆ ಅಳೆಯುವುದೇ ನನ್ನ ಮೊದಲ ಕೆಲಸವಾಗಿತ್ತು. ಉಷ್ಣತೆ ಅಳೆಯುವ ಕೂದಲೆಳೆಯಂಥ ಥರ್ಮೋಕಪಲ್ ತಂತಿ ಒಳಗಿಟ್ಟರೆ ಒಂದು ಅಂಕಿ ಬರುತ್ತದೆ. ಆ ಅಂಕಿ ಜ್ವಾಲೆಯದ್ದಲ್ಲ, ತಂತಿಯದ್ದು. ಕೆಂಪಗೆ ಕಾದ ತಂತಿ ತಾನೇ ಸುತ್ತಲೂ ಶಾಖ ಚೆಲ್ಲುತ್ತಿರುತ್ತದೆ. ಹಾಗಾಗಿ ನಿಜವಾದ ಉಷ್ಣತೆಗಿಂತ ನೂರು ಡಿಗ್ರಿಯಷ್ಟು ಕಡಿಮೆ ತೋರಿಸಬಹುದು. ತಂತಿಯ ದಪ್ಪ, ಗ್ಯಾಸಿನ ವೇಗ ಎಲ್ಲ ನೋಡಿ ಲೆಕ್ಕ ಹಾಕಿ ತಿದ್ದಬೇಕು. ಇದರ ಹಿಂದೆ ತಿಂಗಳುಗಟ್ಟಲೆ ಕೂತಿದ್ದೆ. ಅಳತೆಯ ಉಪಕರಣ ತೋರಿಸುವುದು ತಾನು ಇರುವ ಜಾಗದ ಕಥೆಯನ್ನು ಮಾತ್ರ ಅನ್ನುವುದು ನನಗೆ ಆಗ ಗೊತ್ತಾಗಿತ್ತು. ಆದರೂ ಕಾರ್ಖಾನೆಯಲ್ಲಿ ಒಮ್ಮೆ ಅದನ್ನೇ ಮರೆತೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಗಾಳಿ ಕಡಿಮೆಯಾದರೆ ಏನಾಗುತ್ತದೆ ಅಂತ ಮೊದಲು ನೋಡೋಣ. ಒಂದು ಕೆ.ಜಿ. ಕಾರ್ಬನ್ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆದರೆ ಸುಮಾರು 8,100 ಕಿಲೋಕ್ಯಾಲೊರಿ ಶಾಖ ಸಿಗುತ್ತದೆ. ಅರ್ಧಕ್ಕೆ ನಿಂತು ಕಾರ್ಬನ್ ಮೋನಾಕ್ಸೈಡ್ ಆದರೆ ಸಿಗುವುದು ಸುಮಾರು 2,400 ಮಾತ್ರ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಶಾಖ ಚಿಮಣಿಯಲ್ಲಿ ಹಾರಿಹೋಯಿತು. ಅದರ ಮೇಲೆ ಈ ಕಾರ್ಬನ್ ಮೋನಾಕ್ಸೈಡ್ ವಿಷ, ಉರಿಯುವ ಅನಿಲ ಕೂಡ.

ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಗಾಳಿ ಬಿಡಲೇಬೇಕು. ಗ್ಯಾಸ್ ಬರ್ನರಿನಲ್ಲಿ ಹೊಗೆಯ ಆಕ್ಸಿಜನ್ ಶೇ. 3ರ ಹತ್ತಿರ ಇದ್ದರೆ ಒಳ್ಳೆಯದು. ಅಂದರೆ ಸುಮಾರು ಶೇ. 15ರಷ್ಟು ಹೆಚ್ಚುವರಿ ಗಾಳಿ. ಅದೇ ಆಕ್ಸಿಜನ್ ಶೇ. 8 ತೋರಿಸಿದರೆ ಹೆಚ್ಚುವರಿ ಗಾಳಿ ಶೇ. 60ರ ಹತ್ತಿರ ಹೋಗಿರುತ್ತದೆ. ಚಿಮಣಿಯ ಹೊಗೆ 220 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದೆ ಅಂದುಕೊಳ್ಳಿ. ಆಗ ಶೇ. 3 ಮತ್ತು ಶೇ. 8 ಆಕ್ಸಿಜನ್ನಿನ ನಡುವಿನ ವ್ಯತ್ಯಾಸ ಇಂಧನದ ಶೇ. 2.5ರಿಂದ 3ರಷ್ಟು. ಕೇಳಲು ಚಿಕ್ಕದು. ವರ್ಷವಿಡೀ, ಹಗಲೂ ರಾತ್ರಿ ನಡೆಯುವ ಬಾಯ್ಲರಿಗೆ ಅದು ಚಿಕ್ಕದಲ್ಲ. ಹೊಸ ಯಂತ್ರ ಏನೂ ಬೇಡ, ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಡ್ಯಾಂಪರ್ ಸರಿಯಾಗಿ ಕೂರಿಸಿದರೆ ಸಿಗುವ ಉಳಿತಾಯ ಇದು.

ಹಾಗಾದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ರಾತ್ರಿ ಪಾಳಿಯ ಒಬ್ಬ ಆಪರೇಟರ್ ನನಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿದರು. “ಹೊಗೆ ಬಂದರೆ ಎಲ್ಲರೂ ಓಡಿ ಬರ್ತಾರೆ ಸರ್. ಗಾಳಿ ಜಾಸ್ತಿ ಆದರೆ ಯಾರೂ ಕೇಳಲ್ಲ.” ಅವರ ಜಾಗದಲ್ಲಿ ನಾನಿದ್ದರೂ ಗಾಳಿಯನ್ನು ಜಾಸ್ತಿಯೇ ಇಡುತ್ತಿದ್ದೆ. ಅವರ ಬರ್ನರಿನಲ್ಲಿ ಗ್ಯಾಸ್ ವಾಲ್ವ್ ಮತ್ತು ಗಾಳಿಯ ಡ್ಯಾಂಪರ್ ಎರಡನ್ನೂ ಒಂದೇ ಸರಳಿಗೆ ಜೋಡಿಸಿದ್ದರು. ಕೀಲುಗಳು ಸವೆದಿದ್ದವು. ಲೋಡ್ ಏರಿಸುತ್ತಾ ಒಂದು ಗುರುತಿಗೆ ತಂದಾಗ ಒಂದು ಆಕ್ಸಿಜನ್ ಅಂಕಿ, ಇಳಿಸುತ್ತಾ ಅದೇ ಗುರುತಿಗೆ ತಂದಾಗ ಇನ್ನೊಂದು. ಎರಡರ ನಡುವೆ ಶೇ. 2ರಷ್ಟು ಅಂತರ. ಇಂಥ ಯಂತ್ರ ಕೈಯಲ್ಲಿರುವವರು ಸುರಕ್ಷಿತ ಕಡೆಗೇ ವಾಲುತ್ತಾರೆ. ಮಾಲೀಕರು ಹೊಸ ಬರ್ನರ್ ಕೊಳ್ಳಬೇಕೇ ಅಂತ ಕೇಳಿದ್ದರು. ಬೇಡ, ಕೀಲು ಬದಲಾಯಿಸಿ ಅಂದೆ. ಹೀಗೆ ಬೇಡ ಅನ್ನಬೇಕಾದ ಸಂದರ್ಭ ನನ್ನ ಕೆಲಸದಲ್ಲಿ ಆಗಾಗ ಬರುತ್ತದೆ. ನನ್ನ ಲೆಕ್ಕದಲ್ಲಿ ಸಲಹೆಗಾರನ ಕೆಲಸದ ಅರ್ಧ ಪಾಲು ಅದೇ.

ಈಗ ಆ ಕಥೆ. ಸಲಹೆ ಕೆಲಸಕ್ಕೆ ಬಂದ ಎರಡನೇ ವರ್ಷ. ದೊಡ್ಡದೊಂದು ಫರ್ನೇಸ್. ಚಿಮಣಿಯಲ್ಲಿ, ಹೊಗೆಯ ಅನಿಲಗಳನ್ನು ಅಳೆಯುವ ಅನಲೈಸರಿನ ಪ್ರೋಬ್ ಇಟ್ಟೆ, ಆಕ್ಸಿಜನ್ ಶೇ. 7 ಬಂತು. ಗಾಳಿ ಜಾಸ್ತಿ ಇದೆ, ಇಳಿಸಿ ಅಂದೆ. ಇಳಿಸಿದರು, ಶೇ. 6 ಆಯಿತು. ಇನ್ನೂ ಇಳಿಸಿ ಅಂದೆ. ಕಾರ್ಬನ್ ಮೋನಾಕ್ಸೈಡ್ ಅಂಕಿ ಏರತೊಡಗಿತು. ಇಷ್ಟು ಆಕ್ಸಿಜನ್ ಇರುವಾಗ ಅದು ಬರಬಾರದು. ಅನಲೈಸರ್ ಕೆಟ್ಟಿದೆಯೇನೋ ಅಂತ ನಾನು ಅದನ್ನೇ ಬಿಚ್ಚಿ ನೋಡುತ್ತಿದ್ದೆ. ಅಷ್ಟರಲ್ಲಿ ಹಿರಿಯ ಆಪರೇಟರ್ ಒಬ್ಬರು ನೋಡುಕಿಂಡಿಯ ಹತ್ತಿರ ಕರೆದರು. “ಉರಿ ನೋಡಿ ಸರ್, ಉಸಿರು ಕಟ್ಟಿದ ಹಾಗಿದೆ.”

ನೋಡಿದೆ. ಜ್ವಾಲೆ ಉದ್ದವಾಗಿ, ಮಂಕಾಗಿ, ಗೋಡೆಯವರೆಗೆ ಚಾಚಿಕೊಂಡಿತ್ತು. ಗಾಳಿ ಸಾಲದ ಜ್ವಾಲೆ ಅದು. ಇಂಥ ಹೊತ್ತಿನಲ್ಲಿ ಒಮ್ಮೆಲೇ ಗಾಳಿ ಏರಿಸಬಾರದು. ಒಳಗೆ ಉರಿಯದ ಗ್ಯಾಸ್ ತುಂಬಿಕೊಂಡಿರುತ್ತದೆ, ಗಾಳಿ ನುಗ್ಗಿದರೆ ಸ್ಫೋಟವೇ ಆಗಬಹುದು. ಮೊದಲು ಇಂಧನ ಇಳಿಸಬೇಕು. ಆ ಹಿರಿಯರಿಗೆ ಅದು ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರ ಕೈ ಇಂಧನದ ವಾಲ್ವ್ ಮೇಲಿತ್ತು. ಅವರಿಗೆ ನಾನು ಇವತ್ತಿಗೂ ಋಣಿ.

ಆಮೇಲೆ ಫರ್ನೇಸಿನ ಬಾಯಲ್ಲೇ, ಹೊಗೆ ಹೊರಬೀಳುವ ಜಾಗದಲ್ಲಿ ಪ್ರೋಬ್ ಇಟ್ಟು ಅಳೆದೆವು. ಆಕ್ಸಿಜನ್ ಶೇ. 1 ಕೂಡ ಇರಲಿಲ್ಲ. ಚಿಮಣಿಗೆ ಹೋಗುವ ದಾರಿಯಲ್ಲಿ ಎಕ್ಸ್‌ಪಾನ್ಶನ್ ಜಾಯಿಂಟ್, ಅಂದರೆ ಕೊಳವೆ ಕಾದು ಹಿಗ್ಗಲು ಬಿಟ್ಟ ಬಾಗುವ ಜೋಡಣೆ, ಹರಿದಿತ್ತು. ಎಳೆಯುವ ಫ್ಯಾನಿನಿಂದಾಗಿ ಒಳಗಿನ ಒತ್ತಡ ಹೊರಗಿನದ್ದಕ್ಕಿಂತ ಕಡಿಮೆ. ಹಾಗಾಗಿ ಹರಿದ ಜಾಗದಿಂದ ತಣ್ಣನೆ ಗಾಳಿ ಸುಮ್ನೆ ಒಳಗೆ ಸೇರಿಕೊಳ್ಳುತ್ತಿತ್ತು. ಇದನ್ನು ಫಾಲ್ಸ್ ಏರ್ ಅನ್ನುತ್ತಾರೆ. ನಾನು ನೋಡಿದ ಶೇ. 7 ಆಕ್ಸಿಜನ್ ಜ್ವಾಲೆಯನ್ನು ಮುಟ್ಟಿಯೇ ಇರಲಿಲ್ಲ. ಆ ಗಾಳಿ ಉರಿಯುವುದಕ್ಕೆ ಸಹಾಯ ಮಾಡಲಿಲ್ಲ, ಫ್ಯಾನಿನ ಕರೆಂಟನ್ನು ಮಾತ್ರ ತಿಂದಿತು. ಥರ್ಮೋಕಪಲ್ ಕಲಿಸಿದ್ದ ಪಾಠ ಇದೇ. ಅದನ್ನು ಇನ್ನೊಮ್ಮೆ ಕಲಿತೆ.

ಅಂದಿನಿಂದ ಒಂದೇ ಜಾಗದಲ್ಲಿ ಅಳೆದು ಯಾರಿಗೂ ಸಲಹೆ ಕೊಟ್ಟಿಲ್ಲ. ಫರ್ನೇಸಿನ ಬಾಯಿ, ಹೀಟರ್ ಆದಮೇಲೆ, ಫ್ಯಾನಿನ ಹಿಂದೆ, ಚಿಮಣಿ. ಜಾಗದಿಂದ ಜಾಗಕ್ಕೆ ಆಕ್ಸಿಜನ್ ಏರುತ್ತಾ ಹೋದರೆ ನಡುವೆ ಎಲ್ಲೋ ತೂತಿದೆ ಅಂತ ಅರ್ಥ.

ಗಾಳಿ ಎಷ್ಟು ಅನ್ನುವಷ್ಟೇ ಮುಖ್ಯ ಅದನ್ನು ಎಲ್ಲಿ ಬಿಡುತ್ತೇವೆ ಅನ್ನುವುದು. ಗಾಳಿಯ ಬಹುಪಾಲು ನೈಟ್ರೋಜನ್. ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಆದರೆ ಜ್ವಾಲೆ 1,500 ಡಿಗ್ರಿ ದಾಟಿ ಕಾದಂತೆಲ್ಲ ನೈಟ್ರೋಜನ್ ಆಕ್ಸೈಡ್ ಆಗುವ ವೇಗ ವಿಪರೀತ ಏರುತ್ತದೆ. ಇದು ಹೇಗೆ ಅಂತ 1940ರ ದಶಕದಲ್ಲಿ ಬಿಡಿಸಿ ತೋರಿಸಿದವರು ಸೋವಿಯತ್ ವಿಜ್ಞಾನಿ ಯಾಕೋವ್ ಝೆಲ್ಡೊವಿಚ್. ಇವತ್ತಿನ ಹೊಸ ಬರ್ನರುಗಳು ಗಾಳಿಯನ್ನು ಹಂತಹಂತವಾಗಿ ಬಿಡುವುದು, ಇಲ್ಲವೇ ಮೊದಲೇ ಹದವಾಗಿ ಬೆರೆಸಿ ಉರಿಸುವುದು ಇದೇ ಕಾರಣಕ್ಕೆ. ಹಾಗೆ ತಣ್ಣಗೆ ಉರಿಸಲು ಹೋದಾಗ ಕೆಲವೊಮ್ಮೆ ಜ್ವಾಲೆ ಗುಂಯ್‌ಗುಡಲು ಶುರುಮಾಡುತ್ತದೆ, ಇಡೀ ಬಾಯ್ಲರ್ ನಡುಗುತ್ತದೆ. ಒತ್ತಡ ಏರಿದ ಗಳಿಗೆಯಲ್ಲೇ ಶಾಖವೂ ಸೇರಿದರೆ ಈ ಕಂಪನ ಬೆಳೆಯುತ್ತದೆ ಅಂತ ಬ್ರಿಟಿಷ್ ವಿಜ್ಞಾನಿ ರ್‍ಯಾಲೆ 1878ರಲ್ಲೇ ಹೇಳಿದ್ದರು. ಮನುಷ್ಯರನ್ನು ಚಂದ್ರನತ್ತ ಒಯ್ದ ಅಮೆರಿಕದ ಸ್ಯಾಟರ್ನ್ 5 ರಾಕೆಟ್ಟಿನ ಎಫ್-1 ಎಂಜಿನ್ನಿಗೂ ಇದೇ ಕಾಟವಿತ್ತು. ಒಳಗೆ ಚಿಕ್ಕ ಬಾಂಬ್ ಸಿಡಿಸಿ, ಕಂಪನ ತಾನಾಗಿ ಅಡಗುತ್ತದೆಯೇ ಅಂತ ಪರೀಕ್ಷಿಸಿದ್ದರು.

ಇನ್ನೊಂದು ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಹೊಗೆಯಲ್ಲಿನ ಹಬೆಯನ್ನು ನೀರಾಗಿಸಿ ಅದರ ಶಾಖವನ್ನೂ ಹಿಡಿಯುವ ಕಂಡೆನ್ಸಿಂಗ್ ಬಾಯ್ಲರಿನ ಪುಸ್ತಿಕೆಯಲ್ಲಿ ದಕ್ಷತೆ ಶೇ. 105 ಅಂತ ಇರುತ್ತದೆ, ನೂರಕ್ಕಿಂತ ಜಾಸ್ತಿ ಹೇಗೆ? ಅದು ಮೋಸವಲ್ಲ, ಲೆಕ್ಕದ ಪದ್ಧತಿ. ಒಂದು ಕೆ.ಜಿ. ಮೀಥೇನ್ ಉರಿದರೆ ಎರಡೂಕಾಲು ಕೆ.ಜಿ. ನೀರು ಹಬೆಯಾಗಿ ಹೊರಗೆ ಹೋಗುತ್ತದೆ. ಆ ಹಬೆಯಲ್ಲಿ ಅಡಗಿರುವ ಶಾಖವನ್ನು ಬಿಟ್ಟು ಲೆಕ್ಕ ಹಾಕುವುದು ಒಂದು ಪದ್ಧತಿ, ಸೇರಿಸಿ ಹಾಕುವುದು ಇನ್ನೊಂದು. ಎರಡರ ನಡುವೆ ಮೀಥೇನಿಗೆ ಸುಮಾರು ಶೇ. 11 ಅಂತರವಿದೆ. ಬಿಟ್ಟು ಲೆಕ್ಕ ಹಾಕಿದ ಶಾಖವನ್ನೇ ಕಂಡೆನ್ಸಿಂಗ್ ಬಾಯ್ಲರ್ ಹಿಡಿದಿಟ್ಟಾಗ ನೂರು ದಾಟುತ್ತದೆ. ಆದರೆ ಅದಕ್ಕೆ ಹೊಗೆ ಸುಮಾರು 55 ಡಿಗ್ರಿಗಿಂತ ಕೆಳಗೆ ತಣಿಯಬೇಕು. ಹೆಚ್ಚುವರಿ ಗಾಳಿ ಬಿಟ್ಟಷ್ಟೂ ಹಬೆ ತೆಳುವಾಗಿ ಈ ಗಡಿ ಇನ್ನೂ ಕೆಳಗೆ ಇಳಿಯುತ್ತದೆ. ವಾಪಸ್ ಬರುವ ನೀರು 60 ಡಿಗ್ರಿ ಇರುವ ಕಡೆ ಈ ಬಾಯ್ಲರ್ ಹಾಕಿಸಿ, ಪುಸ್ತಿಕೆಯ ಅಂಕಿ ಬರಲಿಲ್ಲ ಅಂತ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ.

ಈಗ ಎಲ್ಲ ಕಡೆ ಹೈಡ್ರೋಜನ್ ಮಾತು. ಗ್ಯಾಸಿಗೆ ಶೇ. 20 ಹೈಡ್ರೋಜನ್ ಬೆರೆಸಿದರೆ ಇಂಗಾಲವೂ ಶೇ. 20 ಕಡಿಮೆಯಾಗುತ್ತದೆ ಅಲ್ವಾ ಅಂತ ಕೇಳುತ್ತಾರೆ. ಇಲ್ಲ. ಆ ಶೇ. 20 ಗಾತ್ರದ ಲೆಕ್ಕ. ಅದೇ ಗಾತ್ರದಲ್ಲಿ ಹೈಡ್ರೋಜನ್ ಕೊಡುವ ಶಾಖ ಮೀಥೇನಿನ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ಕಾರ್ಬನ್ ಡೈಆಕ್ಸೈಡ್ ತಗ್ಗುವುದು ಸುಮಾರು ಶೇ. 7 ಮಾತ್ರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೈಡ್ರೋಜನ್ ಬೇಡ ಅಂತಲ್ಲ, ಅದರಲ್ಲಿ ನನಗೆ ನಿಜವಾದ ಆಸೆ ಇದೆ. ಆದರೆ ಅದರ ಜ್ವಾಲೆ ಮೀಥೇನಿಗಿಂತ ಆರೇಳು ಪಟ್ಟು ವೇಗವಾಗಿ ಓಡುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿ ದೀಪಕ್ಕೆ ತಂತಿಜಾಲರಿ ಸುತ್ತಿ ಮೀಥೇನ್ ಜ್ವಾಲೆಯನ್ನು ತಡೆದರು. ತೂತು ಸಣ್ಣದಿದ್ದರೆ ಲೋಹ ಶಾಖ ಹೀರಿ ಜ್ವಾಲೆ ಆರಿಹೋಗುತ್ತದೆ. ಮೀಥೇನನ್ನು ತಡೆಯಲು ಎರಡು ಮಿಲಿಮೀಟರ್ ಸಂದು ಸಾಕು. ಹೈಡ್ರೋಜನ್ನಿಗೆ ಅರ್ಧ ಮಿಲಿಮೀಟರಿನ ಆಸುಪಾಸಿಗೆ ಇಳಿಯಬೇಕು. ಹಳೆಯ ಬರ್ನರಿನ ತೂತುಗಳು ಜ್ವಾಲೆ ಹಿಂದಕ್ಕೆ ಓಡಲು ದಾರಿಯಾಗಬಹುದು.

ಅಷ್ಟೇ ಶಾಖಕ್ಕೆ ಹೈಡ್ರೋಜನ್ ಕೇಳುವ ಗಾಳಿಯೂ ಬೇರೆ, ಮೀಥೇನಿಗಿಂತ ಸುಮಾರು ಶೇ. 17 ಕಡಿಮೆ. ಹಾಗಾಗಿ ಪೈಪಿನಲ್ಲಿ ಬರುವ ಮಿಶ್ರಣ ದಿನದಿಂದ ದಿನಕ್ಕೆ ಬದಲಾದರೆ ಡ್ಯಾಂಪರ್ ಕೂಡ ಅದರ ಜೊತೆ ಬದಲಾಗಬೇಕು. ಇಷ್ಟು ದಿನ ಗಾಳಿ ಅಳೆಯದೆ ನಡೆದದ್ದು ಇಂಧನ ಒಂದೇ ತರಹ ಇದ್ದದ್ದರಿಂದ.

ನನ್ನ ಜೊತೆ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಮಾದರಿ ಚೆನ್ನಾಗಿ ಬರುತ್ತದೆ. ಮೊದಲ ದಿನ ಅದನ್ನು ತೆರೆಯಲು ಬಿಡುವುದಿಲ್ಲ. ಒಂದು ಹಾಳೆ, ಕ್ಯಾಲ್ಕುಲೇಟರ್ ಕೊಟ್ಟು ಒಳಗೆ ಹೋದ ಶಾಖ, ಹೊರಗೆ ಬಂದ ಶಾಖ ಬರೆಯಿರಿ ಅನ್ನುತ್ತೇನೆ. ಆಮೇಲೆ ಕೈಗೆ ಅನಲೈಸರ್ ಕೊಡುತ್ತೇನೆ. ಬಾಯ್ಲರಿನ ಹತ್ತಿರ ಹೋಗುವ ಮೊದಲು ಬಯಲಿಗೆ ಬಂದು ಪ್ರೋಬನ್ನು ಹೊರಗಿನ ಗಾಳಿಯಲ್ಲಿ ಹಿಡಿಯಬೇಕು. ಪರದೆಯ ಮೇಲೆ 20.9 ಬರುವವರೆಗೆ ಕಾಯುತ್ತೇವೆ. ಬಂದಮೇಲೆ ಒಳಗೆ ಹೋಗಿ ಫರ್ನೇಸಿನ ಬಾಯಿಂದ ಶುರುಮಾಡುತ್ತೇವೆ.