ಮಿಷನ್ ಕೆಮ್ಮಿದ ಮೇಲೂ ಚೋಕ್ ಯಾಕ್ರೀ?

ಧನುರ್ಮಾಸ ಹಿಡೀತು ಅಂದರೆ ಮಂಡ್ಯದ ನನ್ನ ಅಂಗಡಿಗೆ ಮರ ಕುಯ್ಯೋ ಮಿಷನ್‌ಗಳು (ಚೈನ್ ಸಾ) ಸಾಲುಗಟ್ಟಿ ಬರುತ್ತವೆ. ದೂರು ಒಂದೇ: ‘ಚಳಿಗೆ ಸ್ಟಾರ್ಟ್ ಆಗ್ತಿಲ್ಲ, ಪ್ಲಗ್ ಹೋಗಿದೆ.’ ಬಹುತೇಕ ಪ್ಲಗ್ ಹೋಗಿರೋದಿಲ್ಲ. ಪೆಟ್ರೋಲ್ ಕುಡಿದು ನೆಂದಿರುತ್ತೆ, ಅಷ್ಟೇ. ಕುಡಿಸಿದವರು ನೀವೇ.

ಪೆಟ್ರೋಲ್ ಆವಿಯಾದರೆ ಮಾತ್ರ ಉರಿಯೋದು. ತಣ್ಣಗಿರುವ ಇಂಜಿನ್ನಲ್ಲಿ ಅದು ಸರಿಯಾಗಿ ಆವಿಯಾಗೋದಿಲ್ಲ. ಅದಕ್ಕೇ ಚೋಕ್ ಹಾಕಿ ಗಾಳಿ ಕಟ್ಟಿ, ಪೆಟ್ರೋಲ್ ಜಾಸ್ತಿ ಎಳೆಸೋದು. ಇಲ್ಲಿವರೆಗೆ ಎಲ್ಲರೂ ಸರಿಯಾಗೇ ಮಾಡ್ತೀರಿ. ಮೂರ್ನಾಲ್ಕು ಸಲ ಹಗ್ಗ ಎಳೆದಾಗ ಮಿಷನ್ ಒಂದು ಸಲ ‘ಡಬ್’ ಅಂತ ಕೆಮ್ಮಿ ನಿಲ್ಲುತ್ತೆ. ಕೆಲವು ಸಲ ಆ ಸದ್ದು ಎಷ್ಟು ಸಣ್ಣದು ಅಂದರೆ, ಪಕ್ಕದಲ್ಲಿ ಬೋರ್‌ವೆಲ್ ಮೋಟರ್ ಓಡ್ತಿದ್ದರೆ ಕೇಳೋದೇ ಇಲ್ಲ. ಅದು ಕೆಟ್ಟಿರೋ ಸದ್ದಲ್ಲ, ಒಳಗೆ ಬೆಂಕಿ ಹತ್ತಿತು ಅನ್ನೋ ಸುದ್ದಿ. ಆ ಕ್ಷಣದಲ್ಲೇ ಲಿವರ್ ಒಂದು ಮೆಟ್ಟಿಲು ಸರಿಸಿ ಚೋಕ್ ತೆಗೆಯಬೇಕು. ನೀವು ‘ಆಫ್ ಆಯ್ತಲ್ಲ’ ಅಂತ ಚೋಕ್‌ನಲ್ಲೇ ಮತ್ತೆ ಎಳೀತೀರಿ. ಒಂದೊಂದು ಎಳೆತಕ್ಕೂ ಹಸಿ ಪೆಟ್ರೋಲ್ ಪ್ಲಗ್ ಮೇಲೆ ಬೀಳುತ್ತೆ. ಆಮೇಲೆ ಕಿಡಿ ಹಾರಿಸೋದು ಒದ್ದೆ ಸೌದೆಗೆ ಕಡ್ಡಿ ಗೀರಿದ ಹಾಗೆ.

ಪಾಂಡವಪುರದ ಕಡೆಯ ಗೌಡರೊಬ್ಬರು, ಅವರ ಮಗ, ಇಬ್ಬರು ಆಳುಗಳು ಸರದಿ ಮೇಲೆ ಎಳೆದು ರಟ್ಟೆ ಸೋತು, ಮಿಷನ್ನನ್ನು ಬೈಕಿನ ಮೇಲೆ ಇಟ್ಟುಕೊಂಡು ಬಂದರು. ದಾರಿಯಲ್ಲಿ ಬಿಸಿಲು ಬಿದ್ದು ಪೆಟ್ರೋಲ್ ಆರಿತ್ತು. ನಾನು ಚೋಕ್ ತೆಗೆದು ಎಳೆದೆ, ಎರಡನೇ ಸಲಕ್ಕೆ ಹತ್ತಿಕೊಂತು. ‘ನಿನ್ನ ಕೈಗುಣ ಕಣಪ್ಪ’ ಅಂದರು. ಕೈಗುಣಕ್ಕೆ ಎಷ್ಟು ಅಂತ ಬಿಲ್ ಹಾಕೋದು? ಟೀ ಕುಡಿಸಿ ಹೋದರು. ಮಾರನೇ ವಾರ ಮತ್ತೆ ಬಂದರು, ಅದೇ ದೂರು.

ಹೀಗೆ ಒಳಗೆ ಪೆಟ್ರೋಲ್ ಜಾಸ್ತಿಯಾಗಿ ಓವರ್‌ಫ್ಲೋ ಆದರೆ ಚೋಕ್ ಪೂರ್ತಿ ತೆಗೆದು, ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಎಳೆಯಿರಿ. ಹೀಗೆ ಎಳೆಯುವಾಗ ಚೈನ್ ಬ್ರೇಕ್ ಹಾಕಿರಲಿ, ಹತ್ತಿಕೊಂಡ ತಕ್ಷಣ ಆಕ್ಸಿಲೇಟರ್ ಬಿಡಿ. ಆಗಲೂ ಜಗ್ಗದಿದ್ದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಒರೆಸಿ, ತೂತಿನಿಂದ ಮುಖ ದೂರ ಇಟ್ಟು ನಾಲ್ಕಾರು ಸಲ ಹಗ್ಗ ಎಳೆದರೆ ಒಳಗಿನ ಪೆಟ್ರೋಲ್ ಚಿಮ್ಮಿ ಹೋಗುತ್ತೆ. ಬೀಡಿ ಸೇದೋರು ಆ ಹೊತ್ತಿಗೆ ದೂರ ಇರಲಿ.

ಸ್ಟಾರ್ಟ್ ಆದ ಕೂಡಲೇ ಮರಕ್ಕೆ ಇಡಬೇಡಿ. ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತೆ, ಸಿಲಿಂಡರ್ ಇನ್ನೂ ತಣ್ಣಗಿರುತ್ತೆ. ನಡುವಿನ ಸಂದು ಮುಚ್ಚಿದರೆ ಪಿಸ್ಟನ್ ಹಿಡಿದುಕೊಂಡು ಸೀಜ್ ಆಗಬಹುದು. ಒಂದೆರಡು ನಿಮಿಷ ಓಡಲಿ, ನಡುನಡುವೆ ಸಣ್ಣಗೆ ರೈಸ್ ಕೊಡಿ.

ಇನ್ನೊಂದು ಹೊಸ ಕಾಟ. ಕೆಲವು ಮಾಡೆಲ್‌ಗಳಲ್ಲಿ ಫಿಲ್ಟರ್ ಕವರ್ ಒಳಗೆ ಮಂಜಿನ ಹೂವಿನ ಗುರುತು, ಸೂರ್ಯನ ಗುರುತು ಇರುತ್ತೆ. ಮಂಜಿನ ಕಡೆ ತಿರುಗಿಸಿದರೆ ಸಿಲಿಂಡರಿನ ಬಿಸಿ ಗಾಳಿ, ಪೆಟ್ರೋಲ್‌ಗೆ ಗಾಳಿ ಬೆರೆಸೋ ಕಾರ್ಬುರೇಟರ್‌ಗೆ ಹೋಗಿ, ಅಲ್ಲಿ ಐಸ್ ಕಟ್ಟೋದು ತಪ್ಪುತ್ತೆ. ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗಿನ ಚಳಿಗೆ ಅದು. ನಮ್ಮಲ್ಲಿ ಜನವರಿಯ ಬೆಳಗಿನ ಜಾವಕ್ಕೂ 15 ಡಿಗ್ರಿಯ ಆಸುಪಾಸು, ಮಧ್ಯಾಹ್ನಕ್ಕೆ ಅಂಗಿ ಬೆವರುತ್ತೆ. ವಿಡಿಯೋ ನೋಡಿ ಮಂಜಿಗೆ ತಿರುಗಿಸಿಕೊಂಡು, ‘ಅಣ್ಣ, ಗಾಡಿ ಎಳೀತಿಲ್ಲ, ಬಿಸಿ ಆಗ್ತದೆ’ ಅಂತ ಹುಡುಗರು ಬರ್ತಾರೆ. ತಮ್ಮ, ಇದು ಮೇಲುಕೋಟೆ, ಮನಾಲಿ ಅಲ್ಲ. ನಿಮ್ಮ ಮಿಷನ್ನಿನ ಪುಸ್ತಕ ಬೇರೆ ಏನಾದರೂ ಹೇಳಿದ್ದರೆ ಅದನ್ನೇ ಕೇಳಿ.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗಿನದರಲ್ಲಿ ಎಥನಾಲ್ ಇದೆ, ಅದು ತೇವ ಹೀರುತ್ತೆ, ಹಳೆಯ ಮಿಷನ್ನಿನ ಕಾರ್ಬುರೇಟರ್ ಒಳಗಿನ ತೆಳು ಪೊರೆಗೂ (ಡಯಾಫ್ರಾಮ್) ಅಷ್ಟು ಒಳ್ಳೆಯದಲ್ಲ. ಎಥನಾಲ್‌ಗೆ ಹೋಗೋ ಕಬ್ಬು ನಮ್ಮದೇ, ಬೈಯೋ ಹಾಗೂ ಇಲ್ಲ. ದಸರಾದಲ್ಲಿ ಆಯಿಲ್ ಕಲಸಿಟ್ಟ ಕ್ಯಾನನ್ನು ಸಂಕ್ರಾಂತಿಗೆ ಸುರಿದರೆ, ಬೇಗ ಆವಿಯಾಗೋ ಅಂಶವೆಲ್ಲ ಹಾರಿಹೋಗಿ ಚಳಿಯಲ್ಲಿ ಹತ್ತೋದೇ ಕಷ್ಟ. ಬೇಕಾದಷ್ಟೇ ಕಲಸಿ. ಹೆಚ್ಚಿನ ಈಗಿನ ಮಿಷನ್‌ಗಳಿಗೆ ಲೀಟರಿಗೆ 20 ಮಿ.ಲೀ. ಟೂಟಿ (2T, ಟೂ-ಸ್ಟ್ರೋಕ್) ಆಯಿಲ್ ಸಾಕು. ಚಳಿ ಅಂತ ಇನ್ನೊಂದು ಮುಚ್ಚಳ ಜಾಸ್ತಿ ಹಾಕಿದರೆ ಪ್ಲಗ್‌ಗೆ ಮಸಿ ಹಿಡಿಯುತ್ತೆ. ಆಗ ನಿಜವಾಗಲೂ ಪ್ಲಗ್ ಹೋಗಿರುತ್ತೆ, ಬನ್ನಿ, ಬದಲಾಯಿಸಿ ಕೊಡ್ತೀನಿ.