ಈ ಖಾತೆ ಯಾರದ್ದು?

ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಕಳೆದ ವರ್ಷ ಮೂರು ವಾರ ಕೂತಿದ್ದೆ. ಸರಬರಾಜುದಾರರಿಗೆ ದುಡ್ಡು ಕಳಿಸುವ ಅವರ ಪೇಮೆಂಟ್ ಅಪ್ಲಿಕೇಶನ್ನನ್ನು ಐಡೆಂಟಿಟಿ ಗವರ್ನೆನ್ಸ್ ಪ್ಲಾಟ್‌ಫಾರ್ಮ್‌ಗೆ ಜೋಡಿಸುವ ಕೆಲಸ. ಆ ಅಪ್ಲಿಕೇಶನ್ನನ್ನು ಎಷ್ಟೋ ವರ್ಷದಿಂದ ನೋಡಿಕೊಳ್ಳುತ್ತಿರುವವರು ಒಬ್ಬ ಹಿರಿಯ ಮೇಡಂ. ಮೊದಲ ದಿನ ನನ್ನ ಜೊತೆ ಬಂದಿದ್ದ ಹುಡುಗ ಲ್ಯಾಪ್‌ಟಾಪ್ ತೆರೆದು, "ಡೇಟಾಬೇಸ್ ಪಾಸ್‌ವರ್ಡ್ ಕೊಡಿ ಮೇಡಂ, ಎರಡು ದಿನದಲ್ಲಿ ಕನೆಕ್ಟ್ ಮಾಡಿಬಿಡ್ತೀವಿ" ಅಂದ. ಅವರು ನಿಧಾನವಾಗಿ ಹೇಳಿದರು: "ಕೊಡ್ತೀನಪ್ಪ. ಆದರೆ ಒಳಗಿರೋ ಹೆಸರುಗಳು ಯಾರದ್ದು ಅಂತ ನಿಂಗೆ ಯಾರು ಹೇಳ್ತಾರೆ?"

ನಮ್ಮ ಕೆಲಸದ ತಿರುಳು ಈ ಪ್ರಶ್ನೆಯಲ್ಲೇ ಇದೆ.

ಈ ಕ್ಷೇತ್ರ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಂಪನಿಯಲ್ಲಿ ಹತ್ತಾರು ಅಪ್ಲಿಕೇಶನ್ ಇರುತ್ತವೆ. ಒಂದೊಂದರಲ್ಲೂ ಅದರದ್ದೇ ಬಳಕೆದಾರರ ಪಟ್ಟಿ. ಸೇಲ್‌ಪಾಯಿಂಟ್‌ನಂಥ ಪ್ಲಾಟ್‌ಫಾರ್ಮ್ ಈ ಪಟ್ಟಿಗಳನ್ನೆಲ್ಲ ಒಂದೆಡೆ ತರುತ್ತದೆ. ಯಾರಿಗೆ ಎಲ್ಲೆಲ್ಲಿ ಏನೇನು ಅನುಮತಿ ಇದೆ ಎಂದು ತೋರಿಸುತ್ತದೆ. ಕೆಲಸಕ್ಕೆ ಸೇರಿದಾಗ ಖಾತೆ ತೆರೆಯುತ್ತದೆ, ವಿಭಾಗ ಬದಲಾದಾಗ ಅನುಮತಿ ಬದಲಿಸುತ್ತದೆ, ಕೆಲಸ ಬಿಟ್ಟಾಗ ಮುಚ್ಚುತ್ತದೆ. ಇದೆಲ್ಲ ಆಗಬೇಕಾದರೆ ಮೊದಲು ಅಪ್ಲಿಕೇಶನ್ ಜೋಡಣೆಯಾಗಬೇಕು.

ಅಪ್ಲಿಕೇಶನ್ನಿಗೂ ಪ್ಲಾಟ್‌ಫಾರ್ಮ್‌ಗೂ ನಡುವೆ ಕೊಂಡಿಯಾಗುವ ಕನೆಕ್ಟರ್ ಹಾಕುವುದು ಅಂಥ ಕಷ್ಟದ ಕೆಲಸ ಅಲ್ಲ. ಹಳೇ ಅಪ್ಲಿಕೇಶನ್ ಆದರೆ ಡೇಟಾಬೇಸ್‌ನಿಂದ ನೇರವಾಗಿ ಓದುತ್ತೇವೆ. ಅದೂ ಆಗದಿದ್ದರೆ ರಾತ್ರಿ ಖಾತೆಗಳ ಪಟ್ಟಿ ಇರುವ ಒಂದು ಸಿಎಸ್‌ವಿ ಫೈಲ್ ತರಿಸಿಕೊಳ್ಳುತ್ತೇವೆ. ಹೊಸ ಕ್ಲೌಡ್ ಅಪ್ಲಿಕೇಶನ್‌ಗಳಲ್ಲಿ ಜಾಸ್ತಿ ಸಿಗುವುದು ಸ್ಕಿಮ್ (SCIM) ಎಂಬ ಮಾನದಂಡ. 2015ರಲ್ಲಿ ಇದರ 2.0 ಆವೃತ್ತಿ ಬಂತು. ಖಾತೆಯ ವಿವರ ಯಾವ ರೂಪದಲ್ಲಿರಬೇಕು, ಹೇಗೆ ಕೇಳಬೇಕು, ಹೇಗೆ ಬದಲಿಸಬೇಕು ಎಂಬುದಕ್ಕೆ ಅದು ಒಂದು ಸಾಮಾನ್ಯ ನಿಯಮ. ಆದರೂ 'ನಮ್ಮಲ್ಲಿ ಸ್ಕಿಮ್ ಇದೆ' ಎಂದವರ ಮಾತನ್ನು ಪರೀಕ್ಷೆ ಮಾಡದೆ ನಂಬಬೇಡಿ. ಸ್ಕಿಮ್‌ನಲ್ಲಿ ಖಾತೆಗಳನ್ನು ಪುಟ ಪುಟವಾಗಿ ತರಿಸುವಾಗ ಖಾತೆಯ ಎಣಿಕೆ 1ರಿಂದ ಶುರು. ಕೆಲವರು ಅದನ್ನು 0ಯಿಂದ ಬರೆದಿರುತ್ತಾರೆ. ಇನ್ನು ಕೆಲವರು ಎರಡನೇ ಪುಟ ಕೇಳಿದರೂ ಮೊದಲನೇ ಪುಟವನ್ನೇ ಮತ್ತೆ ಕೊಡುತ್ತಾರೆ. ಅಪ್ಲಿಕೇಶನ್‌ನಲ್ಲಿ ಕಾಣುವ ಒಟ್ಟು ಖಾತೆ ಮತ್ತು ನಮ್ಮ ಕಡೆ ಬಂದ ಖಾತೆ, ಇವೆರಡನ್ನೂ ಎಣಿಸಿ ತಾಳೆ ನೋಡದೆ ನಾನು ಮುಂದಿನ ಹೆಜ್ಜೆ ಇಡುವುದಿಲ್ಲ.

ಖಾತೆಗಳೆಲ್ಲ ಬಂದವು. ಯಾವ ಖಾತೆ ಯಾವ ಮನುಷ್ಯನದು? ಇದಕ್ಕೆ ಕೋರಿಲೇಶನ್ ಎನ್ನುತ್ತೇವೆ. ಎಚ್‌ಆರ್ ಪಟ್ಟಿಯಲ್ಲಿರುವ ವ್ಯಕ್ತಿಗೂ ಅಪ್ಲಿಕೇಶನ್‌ನಲ್ಲಿರುವ ಖಾತೆಗೂ ಗಂಟು ಹಾಕುವುದು. ನಮ್ಮ ಊರಿನಲ್ಲಿ ಇದನ್ನು ಹೆಸರಿನ ಮೇಲೆ ಮಾಡಲು ಹೋದರೆ ಕೆಟ್ಟಿರಿ.

ಯಾಕೆ ಅಂದರೆ ಈ ಸಾಫ್ಟ್‌ವೇರ್‌ಗಳೆಲ್ಲ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಇಟ್ಟುಕೊಂಡು ಹುಟ್ಟಿದವು. ನಮ್ಮಲ್ಲಿರುವುದು ಹೆಸರು ಮತ್ತು ಇನಿಷಿಯಲ್. ಒಬ್ಬರದು ಊರಿನ ಇನಿಷಿಯಲ್, ಇನ್ನೊಬ್ಬರದು ಅಪ್ಪನ ಹೆಸರಿನದು, ಮತ್ತೊಬ್ಬರದು ಎರಡೂ. ಎಚ್‌ಆರ್‌ನಲ್ಲಿ 'ಮಂಜುನಾಥ ಎಸ್' ಇದ್ದರೆ ಅಪ್ಲಿಕೇಶನ್‌ನಲ್ಲಿ 'ಎಸ್ ಮಂಜುನಾಥ್'. ಪಾಸ್‌ಪೋರ್ಟ್‌ಗಾಗಿ ಇನಿಷಿಯಲ್ ಬಿಡಿಸಿ ಬರೆಸಿದವರ ಕೊನೆಯ ಹೆಸರು ಅಪ್ಪನ ಹೆಸರೇ ಆಗಿರುತ್ತದೆ. ಕೊನೆಯ ಹೆಸರು ಕಡ್ಡಾಯ ಎಂದು ಫಾರ್ಮ್ ಹಟ ಹಿಡಿದಾಗ ಕೆಲವರು ಸುಮ್ನೆ ಒಂದು ಚುಕ್ಕೆ ಹಾಕಿರುತ್ತಾರೆ, ಕೆಲವರು ತಮ್ಮ ಹೆಸರನ್ನೇ ಎರಡು ಸಲ ಬರೆದಿರುತ್ತಾರೆ. ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ. ಮಂಜುನಾಥನ ಕೊನೆಗೆ ಎ ಇದ್ದರೂ ಉಂಟು, ಇಲ್ಲದಿದ್ದರೂ ಉಂಟು. ಲಕ್ಷ್ಮಿಯನ್ನು ಐ ಹಾಕಿ ಬರೆಯುವವರೂ ಇದ್ದಾರೆ, ವೈ ಹಾಕಿ ಬರೆಯುವವರೂ ಇದ್ದಾರೆ. ಬೆಂಗಳೂರಿನ ಒಂದು ದೊಡ್ಡ ಆಫೀಸಿನಲ್ಲಿ ಒಂದೇ ಹೆಸರಿನ ಮೂರ್ನಾಲ್ಕು ಜನ ಇರುವುದೇನು ಅಪರೂಪ ಅಲ್ಲ, ಅಲ್ವಾ?

ನಾನು ಈ ಕೆಲಸಕ್ಕೆ ಹೊಸಬನಿದ್ದಾಗ ಬೇರೊಂದು ಕಂಪನಿಯಲ್ಲಿ ಹೆಸರು ಮತ್ತು ವಿಭಾಗ ಎರಡೂ ಹೊಂದಿದರೆ ಸಾಕು ಎಂದು ನಿಯಮ ಬರೆದಿದ್ದೆ. ಒಂದೇ ವಿಭಾಗದಲ್ಲಿ ಒಂದೇ ಹೆಸರಿನ ಇಬ್ಬರಿದ್ದರು. ಒಬ್ಬರು ಕೆಲಸ ಬಿಟ್ಟರು. ಪ್ಲಾಟ್‌ಫಾರ್ಮ್ ಇನ್ನೊಬ್ಬರ ಖಾತೆ ಮುಚ್ಚಿತು. ಅವತ್ತು ತಿಂಗಳ ಕೊನೆ. ಲಾಗಿನ್ ಆಗದೆ ಅವರು ನಮ್ಮ ಟೇಬಲ್ ಹತ್ತಿರ ಬಂದರು. ಊಟದ ಡಬ್ಬಿ ಇನ್ನೂ ಕೈಯಲ್ಲೇ ಇತ್ತು. ತಗ್ಗಿದ ದನಿಯಲ್ಲಿ ಕೇಳಿದರು: "ಸರ್, ನನ್ನನ್ನ ತೆಗೆದುಬಿಟ್ಟಿದ್ದಾರಾ?" ಅರ್ಧ ಗಂಟೆಯಲ್ಲಿ ಖಾತೆ ತೆರೆದುಕೊಟ್ಟೆವು. ಆ ಅರ್ಧ ಗಂಟೆ ಅವರು ಅನುಭವಿಸಿದ್ದು ನನ್ನ ನಿಯಮದಿಂದ.

ಅಂದಿನಿಂದ ಎಂಪ್ಲಾಯಿ ನಂಬರ್ ಬಿಟ್ಟು ಬೇರೆ ಯಾವುದರ ಮೇಲೂ ತಾನಾಗಿ ಗಂಟು ಬೀಳಲು ನಾನು ಬಿಡುವುದಿಲ್ಲ. ಅಪ್ಲಿಕೇಶನ್‌ನಲ್ಲಿ ಆ ನಂಬರಿಗೆ ಜಾಗ ಇಲ್ಲದಿದ್ದರೆ ಒಂದು ಖಾನೆ ಸೇರಿಸಿ ಎಂದು ಕೇಳುತ್ತೇನೆ. ಉಳಿದವನ್ನು ಒಂದೊಂದಾಗಿ ಕೇಳಿ, ಕೈಯಾರೆ ಜೋಡಿಸುತ್ತೇನೆ. ಅಲ್ಲೂ ಒಂದು ಹುಳುಕು ಇದೆ. ಫೈಲ್ ಕಳಿಸುವ ಮೊದಲು ಯಾರೋ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ 004512 ಎಂಬುದು 4512 ಆಗಿ ಕೂತಿರುತ್ತದೆ. ಮುಂದಿನ ಸೊನ್ನೆ ಹೋಯಿತು, ಗಂಟು ಬಿಚ್ಚಿತು.

ಪೀಣ್ಯದಲ್ಲಿ ಮೇಡಂ ಪಕ್ಕ ಕುರ್ಚಿ ಹಾಕಿಕೊಂಡು ಪಟ್ಟಿಯನ್ನು ಸಾಲು ಸಾಲಾಗಿ ಓದಿದೆವು. ಯಾರಿಗೂ ಸೇರದ ಖಾತೆಗಳು ಹಲವು. ಕೆಲಸ ಬಿಟ್ಟು ವರ್ಷಗಳಾದವರದು, ಆಡಿಟ್‌ಗೆ ಬಂದು ಹೋದವರದು, ಸ್ಟೋರ್‌ನಲ್ಲಿ ಎರಡು ಶಿಫ್ಟಿನವರು ಹಂಚಿಕೊಂಡು ಬಳಸುವ ಒಂದು. ಇಂಥ ಹಳೇ ಖಾತೆ ಏನು ಮಾಡೀತು ಎನ್ನುವವರು 2021ರ ಮೇ ತಿಂಗಳನ್ನು ನೆನೆಯಲಿ. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ ಕಳ್ಳರು ನುಗ್ಗಿದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕ್ ಒಳಗೆ ಬರುವ ದಾರಿ) ಖಾತೆಯಿಂದ. ಪಾಸ್‌ವರ್ಡ್ ಬಿಟ್ಟರೆ ಅದಕ್ಕೆ ಬೇರೆ ಕಾವಲು ಇರಲಿಲ್ಲ. ಪೆಟ್ರೋಲ್ ಸಾಗಿಸುವ ಕೊಳವೆಯನ್ನು ಕೆಲವು ದಿನ ನಿಲ್ಲಿಸಬೇಕಾಯಿತು.

ಖಾತೆ ಯಾರದ್ದು ಎಂದು ಗೊತ್ತಾದ ಮೇಲೆ, ಆ ಖಾತೆಗೆ ಏನು ಮಾಡಲು ಬರುತ್ತದೆ ಎಂದು ತಿಳಿಯಬೇಕು. ಡೇಟಾಬೇಸ್‌ನಲ್ಲಿ ಒಂದು ಅನುಮತಿಯ ಹೆಸರಾಗಿ ಕಂಡದ್ದು 'ಜಿಆರ್‌ಪಿ 07'. ಇದನ್ನು ಹೀಗೇ ಪ್ಲಾಟ್‌ಫಾರ್ಮ್‌ಗೆ ತಂದರೆ ಯಾರ ಅನುಮತಿ ಇರಲಿ, ಯಾರದು ಬೇಡ ಎಂದು ಮೂರು ತಿಂಗಳಿಗೊಮ್ಮೆ ನೋಡುವ ಆಕ್ಸೆಸ್ ರಿವ್ಯೂನಲ್ಲಿ ಮ್ಯಾನೇಜರ್ ಕಣ್ಣಿಗೆ ಬೀಳುವುದೂ ಇದೇ. ಅರ್ಥ ಆಗದ್ದಕ್ಕೆ ಅವರು 'ಇರಲಿ' ಒತ್ತುತ್ತಾರೆ. ತೆಗೆದರೆ ಕೆಲಸ ನಿಂತೀತು ಎಂಬ ಭಯ. ತಪ್ಪು ಅವರದಲ್ಲ. ಮೇಡಂ ಹೇಳಿದರು: "ಇದಾ? ಇದಿದ್ರೆ ಸಪ್ಲೈಯರ್ ಬ್ಯಾಂಕ್ ಅಕೌಂಟ್ ನಂಬರ್ ಬದಲಾಯಿಸಬಹುದು." ನಾವು ವಿವರಣೆಯ ಖಾನೆಯಲ್ಲಿ ಅದನ್ನೇ ಬರೆದೆವು. ಈ ಅನುಮತಿ ಒಂಬತ್ತು ಜನರಿಗಿತ್ತು. ಅವರಲ್ಲಿ ಇಬ್ಬರಿಗೆ ಪೇಮೆಂಟ್ ಅನುಮೋದಿಸುವ ಅಧಿಕಾರವೂ ಇತ್ತು. ಬ್ಯಾಂಕ್ ಖಾತೆ ಸಂಖ್ಯೆ ಬದಲಿಸುವ ಕೈ, ದುಡ್ಡು ಬಿಡುಗಡೆ ಮಾಡುವ ಕೈ ಎರಡೂ ಒಂದೇ ಆಗಬಾರದು. ಫೈನಾನ್ಸ್ ಮುಖ್ಯಸ್ಥರು ಆ ಸಾಲು ಓದಿದ ದಿನವೇ ಇಬ್ಬರಿಂದಲೂ ಒಂದನ್ನು ತೆಗೆಸಿದರು. ಜಿಆರ್‌ಪಿ 07 ಎಂದೇ ಇದ್ದಿದ್ದರೆ ಇನ್ನೂ ಎಷ್ಟು ವರ್ಷ ಹಾಗೇ ಇರುತ್ತಿತ್ತೋ.

ಬ್ಯಾಂಕ್‌ಗಳಲ್ಲಿ ಇದು ನಿಯಮವೂ ಹೌದು. ಐಟಿ ಆಡಳಿತದ ಬಗ್ಗೆ ಆರ್‌ಬಿಐ 2023ರ ನವೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಯಾರಿಗೆ ಎಷ್ಟು ಬೇಕೋ ಅಷ್ಟೇ ಅನುಮತಿ ಎಂಬ ಮಾತು ಅಲ್ಲೂ ಇದೆ.

ಬರೆಯುವ ಅಧಿಕಾರವನ್ನು, ಅಂದರೆ ತಾನೇ ಖಾತೆ ತೆರೆಯುವ, ಮುಚ್ಚುವ ಅಧಿಕಾರವನ್ನು, ಪ್ಲಾಟ್‌ಫಾರ್ಮ್‌ಗೆ ಮೊದಲ ದಿನವೇ ಕೊಡಬೇಡಿ. ಕೆಲವು ವಾರ ಅದು ಬರೀ ಓದಲಿ. 'ನಾನಾಗಿದ್ದರೆ ಇಂದು ಇವರನ್ನು ಮುಚ್ಚುತ್ತಿದ್ದೆ' ಎಂಬ ಪಟ್ಟಿ ದಿನಾ ತೆಗೆದು ಮೇಡಂಗೆ ತೋರಿಸುತ್ತಿದ್ದೆವು. ಒಂದು ಬೆಳಗ್ಗೆ ಅದರಲ್ಲಿ ಹೆರಿಗೆ ರಜೆಯಲ್ಲಿದ್ದ ಒಬ್ಬರ ಹೆಸರು ಬಂತು. ಎಚ್‌ಆರ್ ವ್ಯವಸ್ಥೆ ಅವರನ್ನು 'ಇನ್ಆಕ್ಟಿವ್' ಎಂದು ಗುರುತಿಸಿತ್ತು. ರಜೆಯಲ್ಲಿರುವವರು ಬೇರೆ, ಕೆಲಸ ಬಿಟ್ಟವರು ಬೇರೆ ಎಂದು ನಾವು ನಿಯಮ ತಿದ್ದಿದೆವು. ಇನ್ನೊಂದು ಬೆಳಗ್ಗೆ ಎಚ್‌ಆರ್ ಫೈಲ್ ಅರ್ಧಕ್ಕೇ ತುಂಡಾಗಿ ಬಂದು ಪಟ್ಟಿ ಉದ್ದಕ್ಕೆ ಬೆಳೆದಿತ್ತು. ಒಂದೇ ಸಲಕ್ಕೆ ಇಷ್ಟಕ್ಕಿಂತ ಜಾಸ್ತಿ ಜನ ಕಾಣೆಯಾದರೆ ಕೆಲಸ ನಿಲ್ಲಿಸು ಎಂಬ ಮಿತಿ ಇಡಲು ಪ್ಲಾಟ್‌ಫಾರ್ಮ್‌ಗಳಲ್ಲಿ ಅವಕಾಶ ಇರುತ್ತದೆ. ದಯವಿಟ್ಟು ಅದನ್ನು ಇಡಿ.

ಕೆಲಸ ಬಿಟ್ಟವರ ಖಾತೆಯನ್ನು ಅಳಿಸಬೇಡಿ, ನಿಷ್ಕ್ರಿಯ ಮಾಡಿ. ಹಳೇ ವೋಚರ್‌ಗಳ ಮೇಲೆ ಅವರ ಯೂಸರ್ ಐಡಿ ಇರುತ್ತದೆ. ಅಳಿಸಿ, ಅದೇ ಐಡಿಯನ್ನು ಹೊಸಬರಿಗೆ ಕೊಟ್ಟರೆ ಹಳಬರು ಮಾಡಿದ ಪೇಮೆಂಟ್ ಹೊಸಬರ ತಲೆಗೆ ಬರುತ್ತದೆ.

ನೇರ ಜೋಡಣೆ ಆಗದ ಅಪ್ಲಿಕೇಶನ್‌ಗಳಲ್ಲಿ ಪ್ಲಾಟ್‌ಫಾರ್ಮ್ 'ಈ ಖಾತೆ ಮುಚ್ಚಿ' ಎಂದು ಆ ಅಪ್ಲಿಕೇಶನ್ನಿನ ಅಡ್ಮಿನ್‌ಗೆ ಟಿಕೆಟ್ ಕಳಿಸುತ್ತದೆ. ಟಿಕೆಟ್ ಮುಚ್ಚಿದ ಮಾತ್ರಕ್ಕೆ ಖಾತೆ ಮುಚ್ಚಿದಂತಲ್ಲ. ಮುಂದಿನ ಫೈಲ್ ಬಂದಾಗ ಆ ಖಾತೆ ನಿಜಕ್ಕೂ ನಿಂತಿದೆಯಾ ಎಂದು ತಾಳೆ ನೋಡುವ ಹೆಜ್ಜೆಯನ್ನು ಜೋಡಣೆಯಲ್ಲೇ ಸೇರಿಸಬೇಕು.

ಕೊನೆಗೆ ಪೀಣ್ಯದ ಪಟ್ಟಿಯಲ್ಲಿ ಒಂದೇ ಒಂದು ಖಾತೆ ಉಳಿಯಿತು. ಎರಡಕ್ಷರ, ಎರಡಂಕಿ. ಯಾರೂ ಅದರಿಂದ ಲಾಗಿನ್ ಆದದ್ದನ್ನು ಕಂಡವರಿಲ್ಲ. ಆದರೆ ದಿನಾ ರಾತ್ರಿ ಎರಡು ಗಂಟೆಗೆ ಅದು ಒಳಗೆ ಬರುತ್ತಿತ್ತು. ಮುಚ್ಚಿಬಿಡೋಣ ಎಂದ ಹುಡುಗ. ಮೇಡಂ ಕನ್ನಡಕ ತೆಗೆದು, ಸ್ವಲ್ಪ ಹೊತ್ತು ಯೋಚಿಸಿ, "ಬ್ಯಾಂಕಿಗೆ ಫೈಲ್ ಹೋಗೋದು ಇದರಿಂದಲೇ ಇರಬೇಕು" ಅಂದರು. ಹುಡುಕಿದೆವು. ಅದೇ. ಮುಚ್ಚಿದ್ದರೆ ಮರುದಿನ ಒಬ್ಬ ಸರಬರಾಜುದಾರನಿಗೂ ದುಡ್ಡು ಹೋಗುತ್ತಿರಲಿಲ್ಲ.

ಅದನ್ನು ಸರ್ವಿಸ್ ಅಕೌಂಟ್ (ಮನುಷ್ಯರಲ್ಲ, ಪ್ರೋಗ್ರಾಂ ಬಳಸುವ ಖಾತೆ) ಎಂದು ಗುರುತಿಸಿ, ಮಾಲೀಕರ ಜಾಗದಲ್ಲಿ ಮೇಡಂ ಹೆಸರು ಹಾಕಿದೆ. ಅವರು ತೆರೆ ನೋಡುತ್ತಲೇ ಕೇಳಿದರು: "ಮಾರ್ಚ್‌ಗೆ ನಾನು ರಿಟೈರ್ ಆಗ್ತೀನಲ್ಲಪ್ಪ. ಆಮೇಲೆ ಇದು ಯಾರದ್ದು?" ಅವರ ಕೈಕೆಳಗಿನ ಇಬ್ಬರನ್ನು ಆಗಲೇ ಕರೆಸಿದೆವು. ಒಬ್ಬರ ಹೆಸರನ್ನು ಎರಡನೇ ಮಾಲೀಕರಾಗಿ ಸೇರಿಸಿದೆವು. ಮಾಲೀಕರು ಕೆಲಸ ಬಿಟ್ಟ ದಿನ ಸರ್ವಿಸ್ ಅಕೌಂಟ್ ಮುಚ್ಚದೆ ಇನ್ನೊಬ್ಬರ ಹೆಸರಿಗೆ ಹೋಗಬೇಕು ಎಂಬ ನಿಯಮವನ್ನೂ ಬರೆದೆವು. ಮೇಡಂ ಅದನ್ನು ಎರಡು ಸಲ ಓದಿ, ಸಹಿ ಹಾಕಿದರು.