ಚೀಟಿ ಬರೆದವರು ವೈದ್ಯರು, ಬೆಲೆ ಏರಿಸಿದವರು ಯಾರು?

ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ಕುಟುಂಬ ವೈದ್ಯರ ಚಿಕಿತ್ಸಾಲಯ ಯಾವ ಔಷಧವನ್ನು ಎಷ್ಟು ಬರೆಯಿತು, ಅದಕ್ಕೆ ಎಷ್ಟು ಖರ್ಚಾಯಿತು ಎಂಬುದನ್ನು ಧಾರವಾಡದಲ್ಲಿ ಕುಳಿತೇ ನೋಡಬಹುದು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಈ ಲೆಕ್ಕವನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಅದರಲ್ಲಿ ರೋಗಿಯ ಹೆಸರಿಲ್ಲ. ಚಿಕಿತ್ಸಾಲಯ, ಔಷಧ, ಪ್ರಮಾಣ, ವೆಚ್ಚ ಇಷ್ಟೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯ-ಸಂಶೋಧಕ ಬೆನ್ ಗೋಲ್ಡೇಕರ್ ಮತ್ತು ಸಂಗಡಿಗರು ಈ ಅಂಕಿಗಳ ರಾಶಿಯನ್ನು 2015ರಲ್ಲಿ ಯಾರಿಗಾದರೂ ಅರ್ಥವಾಗುವ ನಕ್ಷೆಗಳನ್ನಾಗಿಸಿ ಅಂತರ್ಜಾಲದಲ್ಲಿ ಇಟ್ಟರು.

ಇಂಥ ಲೆಕ್ಕ ಬೇಕಾಗುವುದೇಕೆಂದರೆ, ವೈದ್ಯರ ಕೋಣೆಯಲ್ಲಿ ಬೆಲೆಯ ಬಿಸಿ ಯಾರಿಗೂ ತಟ್ಟುವುದಿಲ್ಲ. ಅಲ್ಲಿ ರೋಗಿ ಒಂದು ಔಷಧಕ್ಕೆ ಕೊಡುವುದು 9.90 ಪೌಂಡ್, ಅದರ ನಿಜವಾದ ಬೆಲೆ ಎಷ್ಟೇ ಇರಲಿ; ಉಳಿದದ್ದು ಆರೋಗ್ಯ ಸೇವೆಯ ಖಾತೆಗೆ. ಅರವತ್ತು ದಾಟಿದವರಿಗೆ ಅದೂ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಯಾರಿಗೂ ಇಲ್ಲ.

ಹಾಗೆಂದು ಹೆಚ್ಚು ಖರ್ಚು ಮಾಡಿದ ಚಿಕಿತ್ಸಾಲಯವೆಲ್ಲ ದುಂದುಗಾರ ಎನ್ನಲಾಗದು. ನಿವೃತ್ತರು ನೆಲೆಸುವ ಕಡಲ ತೀರದ ಊರನ್ನು ವಿದ್ಯಾರ್ಥಿಗಳ ಬಡಾವಣೆಯೊಡನೆ ತೂಗಿದರೆ ಸಿಗುವುದು ವಯಸ್ಸಿನ ಲೆಕ್ಕವೇ ಹೊರತು ವೈದ್ಯರದ್ದಲ್ಲ. ಆದ್ದರಿಂದ ತಲೆಗಳನ್ನು ಎಣಿಸುವ ಬದಲು ವಯಸ್ಸು, ಲಿಂಗಕ್ಕೆ ತಕ್ಕ ತೂಕ ಕೊಟ್ಟು ಹೋಲಿಸುತ್ತಾರೆ.

ಉಳಿತಾಯದ ಹಳೆಯ ಸೂತ್ರ ಸರಳ: ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು ಬಿಟ್ಟು ಔಷಧದ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು ಬರೆಯಿರಿ. ವೈದ್ಯರು ಬ್ರ್ಯಾಂಡ್ ಬರೆದರೆ ಅಲ್ಲಿನ ಔಷಧ ಅಂಗಡಿಯವರು ತಾವಾಗಿ ಅಗ್ಗದ್ದನ್ನು ಕೊಡುವಂತಿಲ್ಲ. ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ 2012ರಲ್ಲಿ ಪೇಟೆಂಟ್ (ಒಂದೇ ಕಂಪನಿಗಿದ್ದ ಏಕಸ್ವಾಮ್ಯದ ಹಕ್ಕು) ಕಳೆದುಕೊಂಡಾಗ ಅದರ ಬೆಲೆ ಕುಸಿದದ್ದು ಈ ಸೂತ್ರಕ್ಕೆ ಒಳ್ಳೆಯ ಉದಾಹರಣೆ. ನಮ್ಮಲ್ಲಿಯೂ 2023ರಲ್ಲಿ ಜೆನೆರಿಕ್ ಹೆಸರನ್ನೇ ಬರೆಯಬೇಕೆಂಬ ನಿಯಮ ಬಂದು, ಗುಣಮಟ್ಟದ ಬಗ್ಗೆ ವೈದ್ಯರು ಆಕ್ಷೇಪಿಸಿದ್ದರಿಂದ ಅದೇ ತಿಂಗಳಲ್ಲಿ ತಡೆಹಿಡಿಯಲ್ಪಟ್ಟಿತು. ಇಂಗ್ಲೆಂಡಿನವರು ನಂಬಿ ನುಂಗುವ ಜೆನೆರಿಕ್‌ಗಳಲ್ಲಿ ಭಾರತದಲ್ಲಿ ತಯಾರಾದವೂ ಬಹಳಷ್ಟಿವೆ ಎಂಬುದು ಬೇರೆ ಮಾತು.

ಆದರೆ ಈ ಸೂತ್ರವನ್ನೇ ತಿರುಗಿಸಿ ದುಡ್ಡು ಮಾಡಿದವರಿದ್ದಾರೆ. ಬ್ರಿಟನ್ನಿನಲ್ಲಿ ಸರ್ಕಾರ ಹಿಡಿತದಲ್ಲಿಟ್ಟಿದ್ದುದು ಬ್ರ್ಯಾಂಡ್ ಔಷಧಗಳ ಬೆಲೆಯನ್ನು; ಜೆನೆರಿಕ್ ಬೆಲೆಯನ್ನು ಪೈಪೋಟಿಯೇ ಇಳಿಸುತ್ತದೆ ಎಂಬ ನಂಬಿಕೆಯಿಂದ ಅದನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಅಡ್ರಿನಲ್ ಗ್ರಂಥಿ ಕೆಲಸ ಮಾಡದವರು ಜೀವ ಉಳಿಸಿಕೊಳ್ಳಲು ನುಂಗುವ ಹೈಡ್ರೋಕಾರ್ಟಿಸೋನ್ ಮಾತ್ರೆಯನ್ನು 2008ರಲ್ಲಿ ಒಂದು ಕಂಪನಿ ಕೊಂಡು, ಬ್ರ್ಯಾಂಡ್ ಹೆಸರು ಕಿತ್ತುಹಾಕಿ ಜೆನೆರಿಕ್ ಆಗಿ ಮಾರಿತು. ಆಗ ಪೈಪೋಟಿಗೆ ಇನ್ನೊಬ್ಬರಿರಲಿಲ್ಲ. ಹತ್ತು ಮಿಲಿಗ್ರಾಮಿನ ಒಂದು ಪೊಟ್ಟಣದ ಬೆಲೆ 70 ಪೆನ್ಸ್‌ನಿಂದ ಏರುತ್ತ 2016ರ ಹೊತ್ತಿಗೆ 88 ಪೌಂಡ್ ತಲುಪಿತು. ವೈದ್ಯರು ಬರೆಯುತ್ತಿದ್ದ ಚೀಟಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಲಿತಂತೆಯೇ ಜೆನೆರಿಕ್ ಹೆಸರು ಬರೆಯುತ್ತಿದ್ದರು. ಇಂಥ ಬೆಲೆಗಳಿಗೂ ಕಡಿವಾಣ ಹಾಕುವ ಅಧಿಕಾರವನ್ನು 2017ರ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತು. ಮಾರುಕಟ್ಟೆಯ ಪೈಪೋಟಿಯ ಮೇಲೆ ಕಣ್ಣಿಡುವ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಈ ಬೆಲೆ ಏರಿಕೆಗೆ ದಂಡ ವಿಧಿಸಿದ್ದು 2021ರಲ್ಲಿ, ಮೇಲ್ಮನವಿಗಳು ನಡೆದದ್ದು ಆ ಬಳಿಕ.

ನನಗೆ ಇದಕ್ಕಿಂತ ಕುತೂಹಲಕರವಾಗಿ ಕಂಡದ್ದು ಇನ್ನೊಂದು ಸಣ್ಣ ಸೋರಿಕೆ. ಕೆಲವು ಚೀಟಿಗಳಲ್ಲಿ ಜೆನೆರಿಕ್ ಹೆಸರಿನ ಜೊತೆಗೆ ತಯಾರಕರ ಹೆಸರೂ ಇರುತ್ತಿತ್ತು. ಅದೊಂದು ಹೆಸರಿದ್ದರೆ ಸಾಕು, ಆರೋಗ್ಯ ಸೇವೆ ಸಾಮಾನ್ಯ ಜೆನೆರಿಕ್ ದರದ ಬದಲು ಆ ಕಂಪನಿಯ ದರವನ್ನೇ ತೆರಬೇಕಾಗುತ್ತದೆ. ಯಾವ ವೈದ್ಯರು ಹೀಗೆ ಬರೆಯುತ್ತಾರೆ ಎಂದು ಆಕ್ಸ್‌ಫರ್ಡ್ ತಂಡ ಅಂಕಿಗಳನ್ನು ಜಾಲಾಡಿದಾಗ, ಅಂಥ ಚೀಟಿಗಳು ಬಹುಪಾಲು ಒಂದೇ ತಂತ್ರಾಂಶ ಬಳಸುವ ಚಿಕಿತ್ಸಾಲಯಗಳಲ್ಲಿ ಸಿಕ್ಕವು. ಔಷಧದ ಹೆಸರನ್ನು ಬೆರಳಚ್ಚಿಸಿದಾಗ ಪರದೆಯ ಮೇಲೆ ತೆರೆಯುವ ಪಟ್ಟಿಯ ವಿನ್ಯಾಸವೇ ವೈದ್ಯರ ಕೈಯನ್ನು ದುಬಾರಿ ಆಯ್ಕೆಯತ್ತ ಒಯ್ಯುತ್ತಿತ್ತು.